ರೂಡಿಯ ಪರೀಕ್ಷೆ

ಮಾರ್ಲಿಸ್ ವೊಕೌನ್ ಬೀಜ ಪರೀಕ್ಷೆಯ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಮೊಳಕೆ ಎಣಿಸಿದವಳು. ಒದ್ದೆ ಕಾಗದದ ಮೇಲೆ ನಾನೂರು ಮೆಕ್ಕೆಜೋಳದ ಬೀಜ. ಚಿಮುಟದಿಂದ ಒಂದೊಂದನ್ನೇ ಸರಿಸಿ, ಎಷ್ಟು ಚಿಗುರಿದವು, ಎಷ್ಟು ಸತ್ತವು ಎಂದು ಬರೆಯಬೇಕು. ಅಮೆರಿಕದ ನೆಬ್ರಾಸ್ಕದಲ್ಲಿ ಆ ಸೀಮೆಯ ರೈತರು ಅವಳ ಎಣಿಕೆ ನಂಬಿ ಬಿತ್ತುತ್ತಿದ್ದರು.

ಖಿನ್ನತೆ ಬಂದ ಮೇಲೆ ಎಣಿಸುವ ಕೈ ನಡುವೆಯೇ ನಿಂತುಬಿಡುತ್ತಿತ್ತು. ಚಿಮುಟ ಹಿಡಿದವಳು ಹಿಡಿದ ಹಾಗೇ ಗಂಟೆಗಟ್ಟಲೆ ಕೂತಿರುವಳು. ಮಾತ್ರೆ ನುಂಗಿದಳು, ಚರ್ಚಿನಲ್ಲಿ ಮೊಣಕಾಲೂರಿದಳು. ಆಫೀಸಿನಿಂದ ಎರಡು ಎಚ್ಚರಿಕೆ ಪತ್ರ ಬಂದವು. ಕೊನೆಗೆ ಡಾಕ್ಟರು ನೆರವಿನ ನಾಯಿ ಬೇಕೆಂದು ಬರೆದುಕೊಟ್ಟರು; ಎರಡು ವರ್ಷ ಕಾದ ಮೇಲೆ ರೂಡಿ ಬಂತು. ಹಳದಿ ಲ್ಯಾಬ್ರಡಾರ್ ನಾಯಿ. ಅವಳು ಕಲ್ಲಾದಾಗ ತೊಡೆಯ ಮೇಲೆ ಕಾಲಿಟ್ಟು, ಅವಳು ಏಳುವವರೆಗೂ ತೆಗೆಯಬಾರದು. ಅದಕ್ಕೆ ಕಲಿಸಿದ ಕೆಲಸ ಅದು.

"ಮೂರು ವಾರ ನೋಡ್ತೀನಿ. ಕೊನೇ ದಿನ ಅದು ಕೆಲಸ ಮಾಡೋದನ್ನ ನನ್ನ ಕಣ್ಣಾರೆ ಕಾಣ್ಬೇಕು. ಇಲ್ಲಾಂದ್ರೆ ನಾಯಿ ಮನೇಲಿ" ಎಂದ ಮೇಲಧಿಕಾರಿ ವೆಂಡೆಲ್. ನಾಯಿ ಮನೆಯಲ್ಲಿ ಎಂದರೆ ಮೂರನೆಯ ಪತ್ರ, ಅದು ಕೆಲಸದಿಂದ ತೆಗೆಯುವ ಪತ್ರ ಎಂದು ಮಾರ್ಲಿಸ್‌ಗೆ ಗೊತ್ತಿತ್ತು.

ಎದುರು ಮೇಜಿನ ಗ್ವೆನ್ ಅಂದೇ ಶುರುವಿಟ್ಟಳು. "ಬೇಜಾರು ಯಾರಿಗಿಲ್ಲ ಕಣೇ? ನನ್ನ ಗಂಡನ ಮುಖ ನೋಡಿದ್ರೆ ನಂಗೂ ದಿನಾ ಬೇಜಾರೇ. ನಾಳೆಯಿಂದ ಕುದುರೆ ತರ್ಲಾ?"

ಕೋಣೆಯೆಲ್ಲ ನಕ್ಕಿತು. ಮಾರ್ಲಿಸ್ ಕೂಡ ಸ್ವಲ್ಪ ನಕ್ಕಳು.

ರೂಡಿಯ ಬೆನ್ನಿನ ಬಟ್ಟೆಯ ಮೇಲೆ 'ಕೆಲಸದಲ್ಲಿದೆ, ಮುಟ್ಟಬೇಡಿ' ಎಂದಿತ್ತು. ಗ್ವೆನ್ ಮುಟ್ಟಲಿಲ್ಲ. ತನ್ನ ಡ್ರಾಯರ್ ಎಳೆದು, ಮೇಜಿನ ಕೆಳಗಿಂದ ಸಾಸೇಜ್ ಮಾಂಸದ ತುಂಡು ಎಸೆದಳು.

"ಅದಕ್ಕೆ ತಿನ್ನೋಕೆ ಕೊಡ್ಬೇಡ ಗ್ವೆನ್, ದಮ್ಮಯ್ಯ. ಕಲಿತಿದ್ದೆಲ್ಲ ಹಾಳಾಗುತ್ತೆ."

"ಒಂದು ಚೂರು ಅಷ್ಟೇ. ಪಾಪ, ನಿನ್ನ ಜೊತೆ ಕೂತೂ ಕೂತೂ ಅದಕ್ಕೂ ನಿನ್ನ ಕಾಯಿಲೆ ಅಂಟೀತು."

ದಿನಾ ಒಂದು ಚೂರು ಬಿತ್ತು. ವೆಂಡೆಲ್‌ಗೆ ದೂರು ಕೊಟ್ಟರೆ, "ಒಳ್ಳೇ ಮನಸ್ಸಿಂದ ಕೊಡ್ತಾಳಪ್ಪ" ಎಂದ.

ಕೊನೆಯ ದಿನ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದ: "ಹ್ಞೂಂ, ನಿಂಗೆ ಹೇಗಾಗುತ್ತೋ ಹಾಗೆ ಮಾಡು."

"ಬೇಕು ಅಂದಾಗ ಬರಲ್ಲ ಅದು, ವೆಂಡೆಲ್."

"ಮತ್ತೆ ನಾನು ಏನು ನೋಡ್ಲಿ?"

ಮಾರ್ಲಿಸ್ ಚಿಮುಟ ಹಿಡಿದು, ಕಣ್ಣು ಕೀಲಿಸಿ, ಅಲುಗಾಡದೆ ಕೂತಳು. ರೂಡಿ ಎದ್ದಿತು. ಅವಳ ಮುಖ ನೋಡಿತು. ಗ್ವೆನ್ ತನ್ನ ಡ್ರಾಯರ್ ಎಳೆದಳು. ಆ ಸದ್ದಿಗೆ ಕಿವಿ ನಿಮಿರಿಸಿ, ಬಾಲವಾಡಿಸುತ್ತ ಅತ್ತ ಹೋಯಿತು.

"ಬುದ್ಧಿವಂತ ಕಣ್ರೀ, ಊಟ ಎಲ್ಲಿದೆ ಅಂತ ಗೊತ್ತು" ಎಂದರು ಯಾರೋ. ನಗು ಎದ್ದಿತು.

"ಸಾಕು, ಏಳು" ಎಂದ ವೆಂಡೆಲ್.

ಮಾರ್ಲಿಸ್ ಏಳಲಿಲ್ಲ. ಆಗ ಅವಳಿಗೆ ನಿಜವಾಗಿಯೇ ಬಂದಿತ್ತು.

"ನಾಟಕ ಮುಗೀತಮ್ಮಾ" ಎಂದಳು ಗ್ವೆನ್. ವೆಂಡೆಲ್ ಕಾಗದದ ಮೇಲೆ ಏನೋ ಗೀಚಿದ. ಎಲ್ಲರೂ ಊಟಕ್ಕೆ ಹೋದರು.

ಖಾಲಿ ಕೋಣೆಯಲ್ಲಿ ರೂಡಿ ಬಾಯಿ ನೆಕ್ಕಿಕೊಳ್ಳುತ್ತ ಬಂದು, ಅವಳ ತೊಡೆಯ ಮೇಲೆ ಕಾಲಿಟ್ಟಿತು. ತೆಗೆಯಲಿಲ್ಲ. ಅವಳು ಏಳುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ನೇರ ವೆಂಡೆಲ್‌ನ ಬಾಗಿಲಿಗೆ ಹೋದಳು.

"ಈಗ ಮಾಡ್ತು. ನಂಗೆ ನಿಜವಾಗಿ ಬಂದಿತ್ತು. ಅದೇ ಎಬ್ಬಿಸ್ತು."

ವೆಂಡೆಲ್ ಬ್ರೆಡ್ಡು ಕಚ್ಚಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೆಟ್ಟಗೆ ನಡ್ಕೊಂಡು ಬಂದಿದ್ದೀಯಲ್ಲ ಮಾರ್ಲಿಸ್. ಇನ್ನು ನಾಯಿ ಯಾಕೆ ನಿಂಗೆ?"