ಗೋಡೆಯ ಈಚೆಗಿನ ನೀರು

ಟೊರಾಂಟೊದ ಪಶ್ಚಿಮ ಭಾಗದಲ್ಲಿ, ಒಂಟಾರಿಯೊ ಸರೋವರದ ದಡದಲ್ಲಿ, ಬಿಳಿ ಕಮಾನುಗಳ ಹಳೆಯ ಕಟ್ಟಡವೊಂದಿದೆ. ಅದರ ಮಗ್ಗುಲಲ್ಲಿ ಬಯಲು ಈಜುಕೊಳ. ಎದುರಿಗೆ ಕಡಲಿನಷ್ಟು ನೀರಿರುವಾಗ ಪಕ್ಕದಲ್ಲೇ ಇನ್ನೊಂದು ಕೊಳ ಯಾಕೆ ಎಂದು ಮೊದಲ ಸಲ ಹೋದಾಗ ನನ್ನ ಗಂಡನನ್ನು ಕೇಳಿದ್ದೆ.

"ಸರೋವರಕ್ಕೆ ಕಾಲಿಟ್ಟು ನೋಡು, ಗೊತ್ತಾಗ್ತದೆ," ಎಂದರು.

ಜುಲೈ ತಿಂಗಳ ಬಿಸಿಲಲ್ಲೂ ಆ ನೀರು ಮೂಳೆ ಕೊರೆಯಿತು. ಹಾರಿ ಹಿಂದೆ ಬಂದೆ. ಇವರಿಗೆ ನಗು.

"ನೂರು ವರ್ಷದ ಹಿಂದೆಯೂ ಜನ ಹೀಗೇ ಓಡಿದ್ದು ಮಾರಾಯ್ತಿ. ಮೊದಲು ಬಟ್ಟೆ ಬದಲಿಸ್ಲಿಕ್ಕೆ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ರು. ನೋಡಿದ್ರೆ ನೀರಿಗೆ ಇಳಿಯುವವರೇ ಇಲ್ಲ! ಮತ್ತೆ ಕೊಳ ಮಾಡಿದ್ದು."

ಇವರು ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ನಡುವೆ ಕಮಾನಿನ ಬಾಗಿಲು, ಎಡಬಲಕ್ಕೆ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಅಂಗಳ, ಅಂಗಳಕ್ಕೆ ಆಕಾಶವೇ ಮಾಡು, ಬೇರೆ ಸೂರಿಲ್ಲ. ಎಲ್ಲವನ್ನೂ ಕೈ ಚಾಚಿ ತೋರಿಸಿದರು. ಕೊಳವನ್ನು ಅಷ್ಟು ಉದ್ದ ಮಾಡಿದ್ದು ಇಡೀ ಊರೇ ಬರಲಿ ಎಂದು. ಅಷ್ಟು ತಿಳಿದವರು ತಲೆಗೆ ತೆಂಗಿನೆಣ್ಣೆ ಮೆತ್ತಿಕೊಂಡೇ ಬಂದಿದ್ದರು, ಉಡುಪಿ ಕಡೆಯ ರೂಢಿ. ಕಾವಲಿನ ಹುಡುಗಿ ಸೀಟಿ ಊದಿ ಸೋಪು ಹಚ್ಚಿ ಬರಲು ಕಳಿಸಿದಳು. "ಕೊಳಕ್ಕೆ ಒಗ್ಗರಣೆ ಆಗ್ತದಂತೆ," ಎಂದು ಗೊಣಗುತ್ತಾ ಹೋದರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಹಿಮ ಕರಗಿದ ಮೇಲೆ, ಆ ಕೊಳದ ಹತ್ತಿರವೇ ಸರೋವರ ಸೇರುವ ನದಿಯಲ್ಲಿ ಅಸ್ಥಿ ಬಿಟ್ಟೆವು. ಅಂದಿನಿಂದ ನಾನು ದಡದ ಕಡೆ ತಲೆ ಹಾಕಲಿಲ್ಲ. ಅವರು ಬೆರೆತ ನೀರಿಗೆ ಕಾಲು ತಾಗಿಸುವುದು ಹೇಗೆ? ಬದುಕಿದ್ದಾಗ ನಿದ್ದೆಯಲ್ಲಿ ನನ್ನ ಕಾಲು ತಗುಲಿದರೂ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡವಳು ನಾನು.

ಆಗಸ್ಟಿನಲ್ಲಿ ಮಗಳು ಹಟ ಹಿಡಿದಳು. "ಅಮ್ಮ, ಪ್ಲೀಸ್. ಪೂಲ್ ಅಷ್ಟೇ, ಲೇಕ್ ಅಲ್ಲ."

ಕೊಳಕ್ಕೂ ಸರೋವರಕ್ಕೂ ನಡುವೆ ಗೋಡೆಯಿದೆಯಲ್ಲ ಎಂಬ ಧೈರ್ಯದಿಂದ ಹೊರಟೆ. ಕೊಳದ ಅಂಚಿನಲ್ಲಿ ಕಾಲು ಮಡಚಿ ಕುಳಿತು, ಸುಮ್ಮನೆ ಖಾತ್ರಿಗೆಂದು ಕೇಳಿದೆ. "ಇದು ಬೇರೆ ನೀರಲ್ವಾ?"

"ಟ್ಯಾಪ್ ವಾಟರ್ ಅಮ್ಮ."

"ನಲ್ಲಿಗೆ ಎಲ್ಲಿಂದ ಬರುದು?"

ಅವಳು ಗೋಡೆಯಾಚೆ ನೋಡಿದಳು. "ಲೇಕಿಂದ್ಲೇ," ಎಂದಳು ಮೆಲ್ಲಗೆ. "ಸಾರಿ ಅಮ್ಮ."

ಕಾಲನ್ನು ಇನ್ನಷ್ಟು ಎಳೆದುಕೊಂಡೆ. ಹಾಗಾದರೆ ಇಷ್ಟು ತಿಂಗಳು ನಾನು ಅನ್ನ ಬೇಯಿಸಿದ್ದು, ದೇವರಿಗೆ ಇಟ್ಟದ್ದು, ನೆಲ ಒರೆಸಿ ಬಕೆಟ್ಟಿನಿಂದ ಚೆಲ್ಲಿದ್ದು ಎಲ್ಲವೂ ಅದೇ ನೀರು. ಹೊರಗಿಂದ ಬಂದು ಅಂಗಾಲು ತಿಕ್ಕಿ ತೊಳೆದದ್ದೂ ಅದರಲ್ಲೇ. ಆಮೇಲೆ ನಮ್ಮೂರಿನ ಹೊಳೆ ನೆನಪಾಯಿತು. ಅಜ್ಜನ ಬೂದಿ ಬಿಟ್ಟ ಕಡೆಯೇ ಮರುವರ್ಷ ಮಕ್ಕಳು ಕೂಗಾಡುತ್ತಾ ಮೀಯುತ್ತಿದ್ದೆವು. ಹಿರಿಯರು ಯಾರೂ ಬೈದದ್ದಿಲ್ಲ. ಇವರನ್ನು ದೂರ ಇಟ್ಟು ಮರ್ಯಾದೆ ಮಾಡುತ್ತಿದ್ದೇನೆಂದು ಇಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

"ಮನೆಗೆ ಹೋಗೋಣ್ವಾ?" ಮಗಳು ಕೇಳಿದಳು.

"ಬೇಡ. ಇಳೀತೇನೆ. ಕೈ ಹಿಡ್ಕೊ, ಜಾರ್ತದೆ."

ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮತ್ತೆ ಬಲಗಾಲು ಮುಂದಿಟ್ಟು, ಅವಳ ಜೊತೆ ಎದೆಯ ಮಟ್ಟದವರೆಗೆ ನಡೆದೆ.