ಹದಿನೈದು ಇಂಚಿನ ಬೆನ್ನು

ನಮ್ಮ ಅಕ್ಕ ವರ್ಲೀನ್ ಇಪ್ಪತ್ತೆಂಟು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಾಳೆ. ಐಡಾಹೋದ ನಮ್ಮ ಕಣಿವೆಯಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ರಸ್ತೆಯೆಲ್ಲ ಹಿಮ. ಆದರೂ ಚಕ್ರಕ್ಕೆ ಸರಪಳಿ ಬಿಗಿಯಲು ಅವಳು ಯಾರನ್ನೂ ಕೂಗಿ ಕರೆದವಳಲ್ಲ. ಮೂವತ್ತು ಮಕ್ಕಳು ಗದ್ದಲ ಎಬ್ಬಿಸಿದಾಗ ಕನ್ನಡಿಯಲ್ಲಿ ಒಂದು ಸಲ ದಿಟ್ಟಿಸಿದರೆ ಸಾಕು, ಬಸ್ಸು ಗಪ್‌ಚುಪ್. ಇಷ್ಟೆಲ್ಲ ಮಾಡುವ ಹೆಣ್ಣಿನ ಎತ್ತರ ಐದಡಿ ಒಂದಿಂಚು.

ನಮ್ಮ ಅಪ್ಪ ಆರಡಿ ಮೂರಿಂಚು ಇದ್ದ. ಮಂಡಿ ಕೈಕೊಟ್ಟ ವರ್ಷ ತನ್ನ ಬೇಟೆಯ ಬೆನ್ನುಚೀಲವನ್ನು ಹಿರಿಯ ಮಗಳಿಗೆ ಕೊಟ್ಟ. ನಮ್ಮ ಕಡೆ ಅದು ದೊಡ್ಡ ಮರ್ಯಾದೆ. ಅಲ್ಯುಮಿನಿಯಂ ಚೌಕಟ್ಟು, ಹಸಿರು ಕ್ಯಾನ್ವಾಸು, ಎಷ್ಟೋ ಬೇಟೆಗಳ ಕಲೆ. ನಾನೂ ತಮ್ಮ ಮರ್ಲನೂ ಹೊಟ್ಟೆಕಿಚ್ಚಿನಿಂದ ಎರಡು ವಾರ ಅಕ್ಕನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ನಾವು ಹೊಡೆಯುವುದು ಎಲ್ಕ್. ನೋಡಲು ಕಡವೆಯಂತೆ, ಗಾತ್ರದಲ್ಲಿ ಕುದುರೆಯಂತೆ. ಬಿದ್ದಲ್ಲಿಗೆ ಗಾಡಿ ಹೋಗುವುದಿಲ್ಲ. ಕಾಲುಗಳನ್ನು ಬೇರ್ಪಡಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಬೆನ್ನ ಮೇಲೆ ಹೊತ್ತೇ ರಸ್ತೆಗೆ ತರಬೇಕು. ಹಿಂಗಾಲು ಒಂದೇ ಅರವತ್ತು ಪೌಂಡು, ಅಂದರೆ ಇಪ್ಪತ್ತೇಳು ಕಿಲೋ, ತೂಗುತ್ತದೆ. ಅಪ್ಪನದೊಂದು ಕಾನೂನಿತ್ತು: ಹೊಡೆದವರೇ ಮೊದಲ ಹಿಂಗಾಲು ಹೊರಬೇಕು, ಹೊರಲಾಗದವರು ಬಂದೂಕು ಮುಟ್ಟಬಾರದು.

ಅಕ್ಕ ಮೂರು ವರ್ಷ ಹಲ್ಲು ಕಚ್ಚಿ ಹೊತ್ತಳು. ನಾಲ್ಕನೆಯ ವರ್ಷ ಹೊಳೆಯ ದಂಡೆಯಲ್ಲಿ ಉಸ್ಸೆಂದು ಮರದ ದಿಮ್ಮಿಯ ಮೇಲೆ ಕೂತವಳು ಭಾರಕ್ಕೆ ಹಿಂದಕ್ಕೆ ಬಿದ್ದಳು. ಕೈಕಾಲು ಮೇಲೆ, ಏಳಲಾಗದು. ನಾವಿಬ್ಬರು ಎತ್ತುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುವರ್ಷದಿಂದ ಅವಳು ಬಂದೂಕು ಬಿಟ್ಟು ಬೇಟೆಯ ಡೇರೆಯಲ್ಲಿ ಅಡುಗೆಗೆ ನಿಂತಳು. ಬಿದ್ದ ಕಥೆಯನ್ನು ಹಬ್ಬದ ಊಟದಲ್ಲಿ ಕೈಕಾಲು ಆಡಿಸಿ ಅವಳೇ ಹೇಳುತ್ತಿದ್ದಳು, ಎಲ್ಲರಿಗಿಂತ ಚೆನ್ನಾಗಿ. ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಈ ನಡುವೆ ಅಪ್ಪನೂ ತೀರಿಕೊಂಡ.

ಕಳೆದ ಜುಲೈಯಲ್ಲಿ ಬೇಟೆಯ ಪರವಾನಗಿಗೆ ಸರ್ಕಾರದವರು ಚೀಟಿ ಎತ್ತಿದಾಗ ಅವಳ ಹೆಸರು ಬಂತು. ಸುಮ್ಮನೆ ಮೂವರೂ ಅರ್ಜಿ ಹಾಕುವುದು ವಾಡಿಕೆ; ನನಗೂ ಮರ್ಲನಿಗೂ ಈ ಸಲ ಸೊನ್ನೆ.

ಮರ್ಲ್ ದೊಡ್ಡ ಮನಸ್ಸು ಮಾಡಿದ. "ನೀನು ಹೊಡಿ ವರ್ಲೀನ್, ಕಾಲು ನಾನು ಹೊತ್ಕೊಂಡು ಬರ್ತೀನಿ. ಅಪ್ಪ ಏನು ಎದ್ದು ಬಂದು ಕೇಳ್ತಾನಾ?"

"ಬೇಡ. ನಾನೇ ಹೊರ್ತೀನಿ. ಇಲ್ಲಾಂದ್ರೆ ಹೊಡೆಯೋದೂ ಇಲ್ಲ, ಪರವಾನಗಿ ಡ್ರಾಯರ್‌ನಲ್ಲೇ ಇರ್ಲಿ."

"ಐವತ್ತನಾಲ್ಕು ವಯಸ್ಸು ಕಣೆ ನಿಂಗೆ!"

"ನನ್ನ ವಯಸ್ಸು ನಂಗೆ ಗೊತ್ತು. ನೀನು ನಿನ್ನ ಹೊಟ್ಟೆ ನೋಡ್ಕೋ."

ಅಪ್ಪನ ಚೀಲದ ಬಕಲ್ ಮುರಿದಿತ್ತು. ಹೊಸದನ್ನು ಹಾಕಿಸಲು ನಾನೂ ಅಕ್ಕನೂ ವೆಂಡೆಲ್‌ನ ಅಂಗಡಿಗೆ ಹೋದೆವು. ವೆಂಡೆಲ್ ಕುದುರೆ ಮೇವು, ಜೀನು, ಬೆನ್ನುಚೀಲ ಮಾರುವ ಮುದುಕ. ಒಂದು ಕಾಲಕ್ಕೆ ಹೇಸರಗತ್ತೆಗಳ ಮೇಲೆ ಹೇರು ಹೇರಿಕೊಂಡು ಬೆಟ್ಟ ಹತ್ತುತ್ತಿದ್ದವನು. ಬಾಯಿ ಸ್ವಲ್ಪ ಜೋರು.

"ಇದನ್ನ ಹೊರೋದು ಯಾರು?"

"ನಾನು," ಎಂದಳು ಅಕ್ಕ.

ವೆಂಡೆಲ್ ಚೀಲವನ್ನು ನೋಡಿದ, ಅವಳನ್ನು ನೋಡಿದ. ಐವತ್ತು ಪೌಂಡಿನ ಮೇವಿನ ಮೂಟೆಯೊಂದನ್ನು ಒಳಗೆ ತುರುಕಿ ಅವಳ ಬೆನ್ನಿಗೇರಿಸಿದ. ಸೊಂಟದ ಪಟ್ಟಿ ಸೊಂಟ ಬಿಟ್ಟು ಕುಂಡಿಯ ಕೆಳಗೆ ಜಾರಿ ಕೂತಿತು. ಭಾರವೆಲ್ಲ ಹೆಗಲಿಗೆ ನೇತುಬಿದ್ದು ಅವಳು ಮುಂದಕ್ಕೆ ಬಾಗಿದಳು. ನಾನು ವರ್ಷಗಟ್ಟಲೆ ನೋಡಿದ ಅದೇ ಬಾಗು.

ವೆಂಡೆಲ್ ನನ್ನ ಕಡೆ ತಿರುಗಿದ. "ರಾಯ್ಸ್, ನಿನ್ನ ಗಿಡ್ಡ ಕುದುರೆ ಮೇಲೆ ನನ್ನ ದೊಡ್ಡ ಹೇಸರಗತ್ತೆ ಜೀನು ಹಾಕ್ತೀಯಾ?"

"ತಲೆ ಕೆಟ್ಟಿದ್ಯಾ? ಒಂದೇ ದಿನಕ್ಕೆ ಬೆನ್ನು ಹುಣ್ಣಾಗುತ್ತೆ."

"ಕುದುರೆಗೆ ಇರೋ ಕರುಣೆ ಅಕ್ಕನ ಮೇಲೂ ಇಟ್ಕೋಬಹುದಿತ್ತು."

ನಾನು ಮುರಿದ ಬಕಲ್ಲನ್ನು ತಿರುವಿ ತಿರುವಿ ನೋಡಿದೆ.

ವೆಂಡೆಲ್ ಅಕ್ಕನನ್ನು ತಲೆ ಬಗ್ಗಿಸಿ ನಿಲ್ಲಿಸಿ, ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಟೇಪು ಹಿಡಿದ. ಹದಿನೈದು ಇಂಚು. ಅಪ್ಪನ ಚೌಕಟ್ಟು ಅಳೆದರೆ ಇಪ್ಪತ್ತೊಂದು. "ಎತ್ತರ ಅಲ್ಲ ನೋಡ್ಬೇಕಾದ್ದು, ಬೆನ್ನು," ಎಂದು ಗೊಣಗಿಕೊಂಡೇ ಮೂರು ಚೀಲ ಇಳಿಸಿದ.

ಮೊದಲನೆಯದರಲ್ಲಿ ಹನ್ನೊಂದು ಜೇಬು. ನನಗೆ ಬಹಳ ಹಿಡಿಸಿತು. "ಜೇಬಲ್ಲಿ ಮಾಂಸ ಹೊರ್ತೀರೇನು?" ಎಂದು ಅವನೇ ಪಕ್ಕಕ್ಕೆಸೆದ. ಎರಡನೆಯದು ಚೆನ್ನಾಗಿತ್ತು, ಆದರೆ ಸೊಂಟದ ಪಟ್ಟಿಯ ಎರಡು ದಿಂಬುಗಳು ಹೊಟ್ಟೆಯ ಮೇಲೆ ಒಂದಕ್ಕೊಂದು ತಾಗಿ ನಿಂತವು. ಇನ್ನು ಬಿಗಿಯಲು ಜಾಗವಿಲ್ಲ. ಬೆಟ್ಟ ಹತ್ತಿ ಮೈತೂಕ ನಾಲ್ಕು ಪೌಂಡು ಇಳಿದರೆ ಪಟ್ಟಿ ಜಾರುವುದೇ. ಮೂರನೆಯದು ಗಿಡ್ಡ ಚೌಕಟ್ಟಿನದು, ಬಣ್ಣ ಕೆಸರಿನದು. ಚೌಕಟ್ಟಿಗೂ ಚೀಲಕ್ಕೂ ನಡುವೆ ಮೂಟೆಯಿಟ್ಟು, ಬೆನ್ನಿಗೆ ಅಂಟುವಂತೆ ಎಳೆದು ಕಟ್ಟಿದ. ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿದ. ಆಮೇಲೆ ಹೆಗಲ ಪಟ್ಟಿ, ಬರೀ ತಾಗುವಷ್ಟು. ಕೊನೆಗೆ ಹೆಗಲ ಮೇಲಿಂದ ಹಿಂದಕ್ಕೆ ಹೋಗುವ ಸಣ್ಣ ಪಟ್ಟಿಗಳು. ತನ್ನ ಅಂಗೈಯನ್ನು ಹೆಗಲಿಗೂ ಪಟ್ಟಿಗೂ ನಡುವೆ ತೂರಿಸಿ ತೋರಿಸಿದ. ಸಲೀಸಾಗಿ ಹೋಯಿತು.

"ಭಾರ ಎಲ್ಲಿದೆ?"

"ಸೊಂಟದ ಮೇಲೆ," ಎಂದಳು ಅಕ್ಕ, ನಂಬಲಾಗದವಳಂತೆ.

"ಇನ್ನು ಮೆಟ್ಟಿಲು ಹತ್ತು."

ಇನ್ನೂ ಹತ್ತು ಪೌಂಡು ಸೇರಿಸಿ ಕಳಿಸಿದ. ಮೇವಿನ ಅಟ್ಟಕ್ಕೆ ಇಪ್ಪತ್ತಾರು ಮೆಟ್ಟಿಲು. ಅವಳು ಹತ್ತಿದಳು, ಇಳಿದಳು, ಹೇಳದೆಯೇ ಮತ್ತೆ ಹತ್ತಿದಳು. ನಾಲ್ಕು ಸಲ. ನೆಟ್ಟಗೆ ನಡೆಯುತ್ತಿದ್ದಳು! ಖುಷಿಯಾಗಿರಬೇಕು ಎಂದು ಮುಖ ನೋಡಿದರೆ ಕೆಂಡದಂಥ ಸಿಟ್ಟು. ಚೀಲ ಕೊಂಡು ಮನೆಗೆ ಬರುವವರೆಗೂ ಅದು ಇಳಿಯಲಿಲ್ಲ. ಬೇಸಿಗೆಯ ಸೆಕೆಗೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟು ಚುರುಕು.

ಅಕ್ಟೋಬರಿನ ಎರಡನೆಯ ಶನಿವಾರ, ಬೆಳಿಗ್ಗೆ ಎಂಟಕ್ಕೆ, ಪೈನ್ ಮರಗಳ ಕೆಳಗಿನ ಬಯಲಿನಲ್ಲಿ ಅಕ್ಕ ಒಂದೇ ಗುಂಡಿಗೆ ಹೆಣ್ಣು ಎಲ್ಕ್ ಕೆಡವಿದಳು. ಮೂವರೂ ಸೇರಿ ಕೊಯ್ದೆವು. ಮೊದಲ ಹಿಂಗಾಲನ್ನು ಅವಳೇ ತನ್ನ ಚೀಲಕ್ಕೆ ಕಟ್ಟಿಕೊಂಡಳು. ರಸ್ತೆಗೆ ಎರಡೂವರೆ ಮೈಲಿ, ಕೊನೆಯರ್ಧ ಏರು. ಮಿಕ್ಕದ್ದನ್ನು ನೆರಳಿಗೆ ತೂಗುಹಾಕಿ ನಾವು ಬರಿಗೈಯಲ್ಲಿ ಹಿಂದೆ ನಡೆದೆವು, ಬಿದ್ದರೆ ಎತ್ತಬೇಕಲ್ಲ.

ಏರಿನಲ್ಲಿ ಅವಳು ತಿರುಗಿ ನಿಂತಳು. "ಮರ್ಲ್, ಹಾಗೆ ಕೈ ಚಾಚ್ಕೊಂಡು ಬರ್ಬೇಡ. ನಾನೇನು ನಡೆಯೋಕೆ ಕಲೀತಿರೋ ಕೂಸಾ?"

"ಒಂದು ಗಳಿಗೆ ಸುಧಾರಿಸ್ಕೊಳೇ."

"ಸುಧಾರಿಸ್ಕೋಬೇಕಾಗಿರೋದು ನೀನು. ಏದುಸಿರು ಇಲ್ಲೀತನಕ ಕೇಳಿಸ್ತಿದೆ."

ರಸ್ತೆಯಲ್ಲಿದ್ದ ನಮ್ಮ ಪಿಕಪ್ ಗಾಡಿ ತಲುಪಿ, ಸಾಮಾನು ಹೇರುವ ಹಿಂದಿನ ತೊಟ್ಟಿಯ ಅಂಚಿಗೆ ಚೀಲ ಆನಿಸಿ ಪಟ್ಟಿ ಬಿಚ್ಚಿದಳು. ಮರ್ಲ್ ಟೋಪಿ ಎಸೆದು ಶಿಳ್ಳೆ ಹೊಡೆದ. ನನ್ನ ಕಣ್ಣಲ್ಲೂ ನೀರಾಡಿತು, ಸುಳ್ಳೇಕೆ ಹೇಳಲಿ.

"ನೋಯ್ತಾ?" ಎಂದು ಕೇಳಿದೆ.

"ಇಲ್ಲ," ಎಂದಳು. ಆಮೇಲೆ ಅವಳ ಗಲ್ಲ ನಡುಗಿತು. "ಚೂರೂ ನೋಯ್ಲಿಲ್ಲ ಕಣೋ. ಸ್ವಲ್ಪ ನೋವಾದ್ರೂ ಆಗಿದ್ರೆ ಚೆನ್ನಾಗಿತ್ತು. ಇಷ್ಟೇನಾ ಇದು? ನಾನೇ ಕೈಲಾಗದವಳು ಅಂದ್ಕೊಂಡಿದ್ನಲ್ಲೋ, ಇಷ್ಟು ವರ್ಷ. ನೀವು ನಗೋಕ್ಮುಂಚೆ ನಾನೇ ನಕ್ಕುಬಿಡ್ತಿದ್ದೆ, ಅಷ್ಟೇ."

ಮರ್ಲ್ ಟೋಪಿ ಎತ್ತಿಕೊಂಡು ಮಣ್ಣು ಕೊಡವತೊಡಗಿದ. ನಾನು ಕ್ಷಮಿಸು ಅನ್ನಬೇಕಿತ್ತು. ಬಾಯಿಗೆ ಬಂದದ್ದು, "ನೀರು ಬೇಕಾ?"

ಅವಳು ಮುಖ ಒರೆಸಿಕೊಂಡು, ಹಿಂಗಾಲನ್ನು ತೊಟ್ಟಿಗಿಳಿಸಿ, ಖಾಲಿ ಚೀಲ ಬೆನ್ನಿಗೆ ಹಾಕಿಕೊಂಡಳು. ಬಯಲಿನಲ್ಲಿ ಇನ್ನೂ ಮೂರು ಕಾಲುಗಳಿದ್ದವು. ಅವಳು ಇಳಿಜಾರಿನಲ್ಲಿ ಬಿರಬಿರನೆ ಮುಂದೆ ಹೋದಳು. ನಿಲ್ಲು ಎಂದು ಕೂಗುವ ಮುಖ ನಮ್ಮಿಬ್ಬರಿಗೂ ಇರಲಿಲ್ಲ.