ಊದ್ ಹಚ್ಚಿಕೊಂಡು ಸ್ಟೇಜ್ ಹತ್ತಿದ ದಿನ

ನಾನು ಚಿಕ್ಕವಳಿದ್ದಾಗ, ಏಳನೆಯ ಕ್ಲಾಸು ದಾಟಿ ನಾನು ಓದುವುದು ಆಗದ ಮಾತು ಎಂದು ಹೇಳಿದವರು ನನ್ನ ಅತ್ತೆ, ಅಪ್ಪನ ಅಕ್ಕ. ಗುಟ್ಟಾಗಿಯೇನೂ ಹೇಳಲಿಲ್ಲ. ನಮ್ಮ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ, ನನ್ನ ಮುಖ ನೋಡಿಯೇ ಹೇಳಿದರು.

"ಮರದ ಮಿಲ್ಲಿನವನ ಮಗಳಿಗೆ ಹೈಸ್ಕೂಲು ಎಂತಕ್ಕೆ? ನನ್ನ ಹತ್ತಿರ ಕೂತು ಬೀಡಿ ಕಲೀಲಿ. ನಮ್ಮವರು ಯಾರಾದ್ರೂ ಶಾಲೆಯ ಸ್ಟೇಜ್ ಹತ್ತಿದ್ದು ಉಂಟಾ?"

ಸ್ಟೇಜಿನ ಮಾತು ಬರಲು ಕಾರಣವಿತ್ತು. ಆ ವರ್ಷ ನಾನು ಕ್ಲಾಸಿಗೇ ಫಸ್ಟ್ ಬಂದಿದ್ದೆ. ವಾರ್ಷಿಕೋತ್ಸವದ ದಿನ ಅದಕ್ಕೊಂದು ಸರ್ಟಿಫಿಕೇಟ್ ಕೊಡುವವರಿದ್ದರು. ಅಪ್ಪನೋ ಅಮ್ಮನೋ ಮಗುವಿನ ಜೊತೆ ಸ್ಟೇಜ್ ಹತ್ತಿ ಅದನ್ನು ತೆಗೆದುಕೊಳ್ಳಬೇಕು, ಅದು ನಮ್ಮ ಶಾಲೆಯ ಪದ್ಧತಿ. ನನಗೆ ಅಮ್ಮ ಇರಲಿಲ್ಲ. ಅಪ್ಪನೇ ಬರಬೇಕಿತ್ತು. ಅಪ್ಪ ಮಾತ್ರ ತಲೆ ಆಡಿಸಿಬಿಟ್ಟರು.

"ಬೇಡ ಮಗಾ, ನಿನ್ನ ಭಾವ ಬರಲಿ. ಅಲ್ಲಿ ದೊಡ್ಡವರೆಲ್ಲ ಇರ್ತಾರೆ. ನನಗೆ ಮೈಯೆಲ್ಲ ಮರದ ವಾಸನೆ."

ಅದೇನೂ ಸುಳ್ಳಲ್ಲ. ಅಪ್ಪ ಹೊಳೆ ಬದಿಯ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದರು. ನೀರಲ್ಲಿ ನೆನೆದ ಮರ, ಬಿಸಿ ಗರಗಸ, ಕೊಯ್ದ ಮರದ ಹಸಿ ಹುಡಿ, ಎಲ್ಲ ಸೇರಿದ ಒಂದು ಘಾಟು ಅವರ ಅಂಗಿಯಲ್ಲಿ ಕುಳಿತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಒಂದೇ ಹಗ್ಗದಲ್ಲಿ ಒಣಗುವ ನನ್ನ ಲಂಗಕ್ಕೂ ಅದು ಹತ್ತಿಕೊಂಡಿತ್ತು. ಕ್ಲಾಸಿನ ಹುಡುಗಿಯರು ನನ್ನನ್ನು ಕರೆಯುತ್ತಿದ್ದದ್ದೇ 'ಹುಡಿ' ಎಂದು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಅಕ್ಕ ನನಗೆ ಎರಡು ಜಡೆ ಹಾಕಿ, ಪೆಟ್ಟಿಗೆಯಿಂದ ಕಿರುಬೆರಳಿನಷ್ಟು ಪುಟ್ಟ ಸೀಸೆ ತೆಗೆದಳು. ಅಕ್ಕನ ಗಂಡ, ನಮ್ಮ ಭಾವ, ಗಲ್ಫಿನಿಂದ ತಂದದ್ದು.

"ಇದು ಊದ್. ಅರಬರು ಹಚ್ಚಿಕೊಳ್ಳುವ ಅತ್ತರು. ಕೈ ಕೊಡು. ಉಜ್ಜಬೇಡ, ಹಾಗೇ ಬಿಡು."

ಗಾಜಿನ ಕಡ್ಡಿಯ ತುದಿಯಿಂದ ಒಂದು ಹನಿ ನನ್ನ ಮಣಿಕಟ್ಟಿಗೆ ಇಳಿಯಿತು. ಜೇನಿನಂತೆ ಮಂದ, ಕಂದು ಬಣ್ಣ. ಮಲ್ಲಿಗೆಯ ಹಾಗೋ ಸೋಪಿನ ಹಾಗೋ ಇರುತ್ತದೆ ಎಂದುಕೊಂಡು ಮೂಗು ಹತ್ತಿರ ತಂದವಳು ಬೆಚ್ಚಿಬಿದ್ದೆ.

"ಅಕ್ಕಾ, ಇದು ಅಪ್ಪನ ಅಂಗಿ ಅಲ್ವಾ?"

ಅಕ್ಕ ಮೂಸಿ ನೋಡಿ ನಕ್ಕೇ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಭಾವ, "ಮರದಿಂದಲೇ ತೆಗೆಯೋದು ಮಾರಾಯ್ತಿ! ಅಲ್ಲಿ ಅದಕ್ಕೆ ಚಿನ್ನದ ಕ್ರಯ" ಎಂದರು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅರಬರ ಮೈಯಲ್ಲಿ ಇದ್ದರೆ ಪರಿಮಳ, ನನ್ನ ಅಪ್ಪನ ಮೈಯಲ್ಲಿ ಇದ್ದರೆ ವಾಸನೆಯಾ? ಚಪ್ಪಲಿಯನ್ನೂ ಹಾಕದೆ ಮಿಲ್ಲಿಗೆ ಓಡಿದೆ. ಗರಗಸದ ಕಿರುಚಾಟದ ನಡುವೆ ಅಪ್ಪನ ಮೂಗಿಗೆ ಕೈ ಹಿಡಿದೆ.

"ಎಂತ, ನೀನೂ ದಿಮ್ಮಿ ಕೊಯ್ದಿಯಾ?" ಎಂದು ಅಪ್ಪ ತಮಾಷೆ ಮಾಡಿದರು.

"ಅತ್ತರು ಇದು! ನಿಮ್ಮ ಹಾಗೆ ಪರಿಮಳ ಬರಬೇಕು ಅಂತ ಅರಬರು ಚಿನ್ನದ ಕ್ರಯ ಕೊಡ್ತಾರಂತೆ. ನೀವು ಬರದಿದ್ರೆ ನಾನೂ ಸ್ಟೇಜ್ ಹತ್ತೂದಿಲ್ಲ. ಅತ್ತೆ ಹೇಳಿದ್ದೇ ಸರಿ ಆಗ್ಲಿ. ನಾಳೆಯಿಂದ ಬೀಡಿ ಕಟ್ತೇನೆ."

ಅಪ್ಪ ಇನ್ನೊಮ್ಮೆ ನನ್ನ ಕೈ ಮೂಸಿದರು. ಆಮೇಲೆ ತಮ್ಮ ತೋಳನ್ನೂ ಮೂಸಿದರು.

ಸಂಜೆ ಹೊತ್ತಿಗೆ ಊದಿನ ಘಾಟು ಇಳಿದಿತ್ತು. ಬಿಸಿಲಿಗೆ, ಬೆವರಿಗೆ ಹದವಾಗಿ, ಬಿಸಿಲಲ್ಲಿ ಒಣಗಿದ ಹಲಗೆಯ ಸಿಹಿಯಷ್ಟೇ ಉಳಿದಿತ್ತು. ಶಾಲೆಯ ಗೇಟಿನಲ್ಲಿ ಅಪ್ಪ ಬಿಳಿ ಅಂಗಿ ಹಾಕಿ ನಿಂತಿದ್ದರು. ಅಕ್ಕ ಸೀಸೆ ಮುಂದೆ ಹಿಡಿದರೆ, "ನನಗೆ ಎಂತಕ್ಕೆ? ನನ್ನದು ನನಗೆ ಉಂಟಲ್ಲ" ಎಂದರು. ಕಿವಿಯ ಹಿಂದೆ ಸ್ವಲ್ಪ ಹುಡಿ ಉಳಿದಿತ್ತು. ಕಂಡರೂ ನಾನು ಒರೆಸಲಿಲ್ಲ. ನನ್ನ ಹೆಸರು ಕರೆದಾಗ ಇಬ್ಬರೂ ಕೈ ಹಿಡಿದುಕೊಂಡು, ದೊಡ್ಡವರ ಸಾಲಿನ ಮುಂದೆಯೇ ನಡೆದು ಮೆಟ್ಟಿಲು ಹತ್ತಿದೆವು.

ಮಕ್ಕಳೇ, ಪೇಟೆಯಲ್ಲಿ, ಕೊಟ್ಟಾರದ ನಿಮ್ಮ ಫ್ಲ್ಯಾಟಿನಲ್ಲಿ ಕನ್ನಡಿಯ ಮುಂದೆ ಸೆಂಟಿನ ಬಾಟಲಿಗಳ ಸಾಲೇ ಇದೆ. ನೀವು ಪುಸ್ಸೆಂದು ಹೊಡೆದುಕೊಂಡರೆ ಲಿಫ್ಟಿಗೆಲ್ಲ ಗೊತ್ತಾಗುತ್ತದೆ. ಯಾವ ಕಾಲೇಜು ಎಂದು ನಿಮ್ಮನ್ನು ಕೇಳುತ್ತಾರೆ, ಕಾಲೇಜು ಎಂತಕ್ಕೆ ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರು. ಹೈಸ್ಕೂಲಿಗೂ ಕೇಳಿದರು, ಕಾಲೇಜಿಗೂ ಕೇಳಿದರು. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು. ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಇಂದಿಗೂ ನಾನು ಊದ್ ಹಚ್ಚುವುದು ಒಂದೇ ಹನಿ. ಅದು ದೂರದವರಿಗೆ ತಿಳಿಯುವುದಿಲ್ಲ, ಹತ್ತಿರ ಬಂದವರಿಗೆ ಮಾತ್ರ.

ಆ ಸಂಜೆ ಹತ್ತಿರ ಬಂದವರು ಅತ್ತೆ. ಅವರೂ ವಾರ್ಷಿಕೋತ್ಸವ ನೋಡಲು ಬಂದಿದ್ದರು. ಹೆಡ್‌ಮಿಸ್ ಕೊಟ್ಟ ಸರ್ಟಿಫಿಕೇಟನ್ನು ಅಪ್ಪ ನೇರ ಹಿಂದಿನ ಸಾಲಿಗೆ ಒಯ್ದು ಅತ್ತೆಯ ಕೈಯಲ್ಲಿಟ್ಟರು. ಅತ್ತೆ ಅದನ್ನು ನೋಡಿದರು, ಅಪ್ಪನನ್ನು ನೋಡಿದರು. ನನ್ನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡವರು ಮೂಗು ಅರಳಿಸಿದರು.

"ಎಂತ ಪರಿಮಳ ಇದು?"

"ಮಿಲ್ಲಿನದ್ದು" ಎಂದೆ.

ಅತ್ತೆ ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು.

"ಹಾಗಾದ್ರೆ ಹೈಸ್ಕೂಲಿಗೂ ಅದನ್ನೇ ಹಾಕ್ಕೊಂಡು ಹೋಗು."